ಕಂಟ್ರೋಲ್ ತಟ್ಟೆ ಕಲಿಸಿದ್ದು

ನಾನು ಕ್ಯಾನ್ಸರ್ ಜೀವಕೋಶಗಳ ಮೇಲೆ ಸಂಶೋಧನೆ ಮಾಡುತ್ತೇನೆ. ಈಗ ನನ್ನದೇ ಲ್ಯಾಬ್ ಇದೆ, ವಿದ್ಯಾರ್ಥಿಗಳಿದ್ದಾರೆ. ಇಲ್ಲಿವರೆಗೆ ಹೇಗೆ ಬಂದಿರಿ ಅಂತ ಯಾರಾದರೂ ಕೇಳಿದರೆ, ಅರ್ಧ ಬರೆದು ಬಿಟ್ಟ ಒಂದು ಪೇಪರ್ ನೆನಪಾಗುತ್ತದೆ.

ಪಿಎಚ್‌ಡಿಯ ಮೂರನೇ ವರ್ಷ ಅದು. ಒಂದು ಔಷಧ ಕೊಟ್ಟರೆ ಕೋಶಗಳ ಬೆಳವಣಿಗೆ ನಿಧಾನವಾಗುತ್ತಿತ್ತು. ಎಂಟು ತಿಂಗಳು ಅದರ ಹಿಂದೆಯೇ ಬಿದ್ದಿದ್ದೆ. ಗ್ರಾಫ್‌ಗಳೂ ಚೆಂದ ಬಂದಿದ್ದವು, ಪೇಪರ್ ಅರ್ಧ ಬರೆದಾಗಿತ್ತು. ಆದರೆ ಔಷಧ ಹಾಕದ ಕಂಟ್ರೋಲ್ ತಟ್ಟೆಯಲ್ಲೂ ಕೋಶಗಳು ಮೊದಲಿನಷ್ಟು ಚುರುಕಾಗಿ ಬೆಳೆಯುತ್ತಿರಲಿಲ್ಲ. ಮೀಡಿಯಾ, ಅಂದರೆ ಕೋಶ ಬೆಳೆಸುವ ದ್ರವ, ಹಳೇದಾಗಿರಬೇಕು ಅಂದುಕೊಂಡು ಸುಮ್ಮನಾದೆ. ಅದು ನನ್ನ ತಪ್ಪು.

ಕೊನೆಗೆ ಒಂದು ಸಂಜೆ ಮನಸ್ಸು ತಡೆಯದೆ ಹೋಕ್ಸ್ಟ್ ಬಣ್ಣ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದೆ. ಈ ಬಣ್ಣ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ನ್ಯೂಕ್ಲಿಯಸ್ ನೀಲಿಯಾಗಿ ಹೊಳೆಯಬೇಕು, ಸುತ್ತ ಕತ್ತಲಿರಬೇಕು. ನನಗೆ ಕಂಡಿದ್ದು ಪ್ರತಿ ನ್ಯೂಕ್ಲಿಯಸ್ ಸುತ್ತ ಪುಡಿ ಉದುರಿಸಿದ ಹಾಗೆ ಸಣ್ಣ ಸಣ್ಣ ನೀಲಿ ಚುಕ್ಕೆ. ಮೈಕೋಪ್ಲಾಸ್ಮಾ ಅನ್ನೋ ಅತಿ ಸಣ್ಣ ಬ್ಯಾಕ್ಟೀರಿಯಾ!

ಬೇರೆ ಬ್ಯಾಕ್ಟೀರಿಯಾ ಸೇರಿದರೆ ಮೀಡಿಯಾ ಬಗ್ಗಡವಾಗಿ ಒಂದೆರಡು ದಿನದಲ್ಲೇ ಗೊತ್ತಾಗುತ್ತದೆ. ಇದು ಸೇರಿದರೆ ಸಾಮಾನ್ಯವಾಗಿ ಮೀಡಿಯಾ ತಿಳಿಯಾಗೇ ಇರುತ್ತದೆ. ಇದಕ್ಕೆ ಕೋಶಭಿತ್ತಿ ಇಲ್ಲ, ಹಾಗಾಗಿ ಪೆನಿಸಿಲಿನ್ ನಾಟುವುದಿಲ್ಲ. ಬ್ಯಾಕ್ಟೀರಿಯಾ ತಡೆಯಲು ಬಳಸುವ 0.22 ಮೈಕ್ರಾನ್ ಫಿಲ್ಟರ್‌ನಲ್ಲೂ ನುಸುಳಿಬಿಡಬಲ್ಲದು. ಕೋಶಗಳ ಪೋಷಕಾಂಶ ಕಬಳಿಸಿ ಅವುಗಳ ನಡವಳಿಕೆಯನ್ನೇ ಬದಲಿಸುತ್ತದೆ. ನಾನು ಅಳೆದಿದ್ದು ಔಷಧದ ಪರಿಣಾಮವೋ ಇದರದ್ದೋ, ಹೇಗೆ ಹೇಳೋದು?

ಬೆಳಿಗ್ಗೆ ಗೈಡ್‌ಗೆ ಚಿತ್ರ ತೋರಿಸುವಾಗ ಕೈ ನಡುಗುತ್ತಿತ್ತು. ಅವರು ತುಂಬಾ ಹೊತ್ತು ನೋಡಿ, "ಹಳೇ ವಯಲ್ ಏನಾದ್ರೂ ಇದ್ಯಾ?" ಅಂತಷ್ಟೇ ಕೇಳಿದರು. ದ್ರವ ಸಾರಜನಕದ ಟ್ಯಾಂಕ್‌ನಲ್ಲಿ ಎರಡು ವರ್ಷ ಹಿಂದೆ ಹೆಪ್ಪುಗಟ್ಟಿಸಿಟ್ಟ ಕೋಶಗಳ ವಯಲ್ ಒಂದು ಸಿಕ್ಕಿತು. ಡಿಎನ್‌ಎ ಪತ್ತೆ ಮಾಡುವ ಪಿಸಿಆರ್ ಪರೀಕ್ಷೆ ಮಾಡಿದೆವು, ಮೈಕೋಪ್ಲಾಸ್ಮಾ ಇರಲಿಲ್ಲ. ಆ ಸಮಾಧಾನ ಇವತ್ತಿಗೂ ಮರೆತಿಲ್ಲ.

ಡಿಎನ್‌ಎ ನೋಡಿ ಗುರುತು ಹಿಡಿಯುವ ಎಸ್‌ಟಿಆರ್ ಪರೀಕ್ಷೆ ಮಾಡಿಸಿ ಕೋಶಗಳ ಗುರುತನ್ನೂ ಖಚಿತ ಮಾಡಿಕೊಂಡೆ. ಇದು ಜಾಸ್ತಿ ಆಯಿತು ಅನ್ನಿಸಬಹುದು. ಆದರೆ 1966ರಲ್ಲಿ ತಳಿವಿಜ್ಞಾನಿ ಸ್ಟ್ಯಾನ್ಲಿ ಗಾರ್ಟ್ಲರ್ ಹೇಳಿದ್ದನ್ನು ಓದಿದ್ದೆ. ಬೇರೆ ಬೇರೆ ಅಂತ ಲ್ಯಾಬ್‌ಗಳು ನಂಬಿದ್ದ ಎಷ್ಟೋ ಕೋಶಗಳು ಅಸಲಿಗೆ ಹೀಲಾ ಅಂತ ಅವರು ತೋರಿಸಿದರು. ಹೀಲಾ ಅಂದರೆ 1951ರಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕ್ಯಾನ್ಸರ್ ರೋಗಿಯ ಗೆಡ್ಡೆಯಿಂದ ತೆಗೆದು ಬೆಳೆಸಿದ ಕೋಶಗಳು. ಜನ ವರ್ಷಗಟ್ಟಲೆ ತಪ್ಪು ಕೋಶದ ಮೇಲೆ ದುಡಿದಿದ್ದರು.

ಎಲ್ಲ ಮೊದಲಿಂದ ಶುರು ಮಾಡಿದೆ. ಔಷಧದ ಪರಿಣಾಮ ಬಹುಪಾಲು ಮಾಯವಾಗಿತ್ತು. ಉಳಿದ ಸ್ವಲ್ಪ ಮಾತ್ರ ಮತ್ತೆ ಮತ್ತೆ ಬಂತು. ಅದೇ ನನ್ನ ಥೀಸಿಸ್ ಆಯಿತು, ಈಗಿನ ಲ್ಯಾಬ್‌ನ ಕೆಲಸವೂ ಅದರಿಂದಲೇ ಬೆಳೆದಿದ್ದು.

ಹೊಸದಾಗಿ ಸೇರಿದವರಿಗೆ ಮೊದಲ ಎರಡು ವಾರ ಪ್ರಯೋಗ ಇಲ್ಲ. ಕೋಶ ಬೆಳೆಸಬೇಕು, ಬಣ್ಣ ಹಾಕಬೇಕು, ನೋಡಬೇಕು. ಆರೋಗ್ಯವಾಗಿರುವ ಕೋಶ ಹೇಗಿರುತ್ತದೆ ಅಂತ ಕಣ್ಣಿಗೆ ಗೊತ್ತಾಗಬೇಕಲ್ವಾ? ಹೋದ ತಿಂಗಳು ಒಬ್ಬ ಹುಡುಗಿ ಬಂದು, "ಮ್ಯಾಮ್, ಕಂಟ್ರೋಲ್ ಯಾಕೋ ಸರಿ ಕಾಣ್ತಿಲ್ಲ. ಪ್ರಯೋಗ ನಿಲ್ಲಿಸ್ಲಾ?" ಅಂದಳು. ನಿಲ್ಲಿಸು ಅಂದೆ. ಕೈಯಲ್ಲಿದ್ದ ಕೆಲಸ ಬಿಟ್ಟು ಅವಳ ಜೊತೆ ಮೈಕ್ರೋಸ್ಕೋಪ್ ಮುಂದೆ ಕೂತೆ.