ಪಂಚಾಯಿತಿ ಮೇಲೆ ದೂರು ಬರೆಸೋಕೆ ಬರುವವರಿಗೆ

ಮಂಡ್ಯದಲ್ಲಿ ನನ್ನದೊಂದು ಜೆರಾಕ್ಸ್, ಟೈಪಿಂಗ್ ಅಂಗಡಿ ಇದೆ. ಪಹಣಿ, ಬಾಂಡ್ ಪೇಪರ್ ಕೆಲಸದ ನಡುವೆ ಪಂಚಾಯಿತಿ ಮೇಲೆ ದೂರು ಬರೆಸೋಕೂ ಜನ ಬರುತ್ತಾರೆ. ಕೂರುವ ಮೊದಲೇ ಶುರು: "ಅಕ್ಕಾ, ಆ ಮೆಂಬ್ರು ಊರೇ ತಿಂದು ತೇಗವ್ನೆ, ಒಂದೂ ಬಿಡ್ದೆ ಬರಿ."

ಬರೆಯಬಹುದು. ಆದರೆ ಊರು ತಿಂದಿದ್ದನ್ನು ಯಾವ ಅಧಿಕಾರಿ ವಿಚಾರಣೆ ಮಾಡುತ್ತಾರೆ? ಯಾವ ಕೆಲಸ, ಯಾವ ತಾರೀಖು, ಎಷ್ಟು ಬಿಲ್ಲು, ಯಾರ ಸಹಿ ಅಂತ ಇದ್ದರೆ ಕಾಗದ ಮುಂದಕ್ಕೆ ಹೋಗುತ್ತದೆ. ಹತ್ತು ವರ್ಷದ ಸಿಟ್ಟನ್ನೆಲ್ಲ ಒಂದೇ ಅರ್ಜಿಗೆ ತುಂಬಿದರೆ "ವೈಯಕ್ತಿಕ ದ್ವೇಷ" ಅಂತ ಷರಾ ಬರೆದು ಮುಗಿಸುತ್ತಾರೆ. ಒಂದು ದೂರಿಗೆ ಒಂದೇ ವಿಷಯ ಇಟ್ಟುಕೊಳ್ಳಿ.

ಚರಂಡಿ ಕಟ್ಟಿದೆ, ಬೀದಿ ದೀಪ ಇಲ್ಲ ಅನ್ನೋದು ಬೇರೆ ಲೆಕ್ಕ. ಅದಕ್ಕೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ, ಅಂದರೆ ಪಿಡಿಒಗೆ ಹೇಳಿ, ಆಗದಿದ್ದರೆ ಸರ್ಕಾರದ ಸಹಾಯವಾಣಿ 1902ಕ್ಕೆ ಫೋನ್ ಮಾಡಿ ದೂರಿನ ನಂಬರ್ ತಗೊಳ್ಳಿ. ನಾನು ಹೇಳ್ತಿರೋದು ನಡತೆಯ ದೂರು: ಆಗದ ಕೆಲಸಕ್ಕೆ ಬಿಲ್ ಎತ್ತುವುದು, ಸದಸ್ಯರೇ ಒಳಗಿನಿಂದ ಗುತ್ತಿಗೆ ಮಾಡುವುದು, ಸಭೆಯೇ ನಡೆಯದೆ ನಡಾವಳಿ ಬರೆಯುವುದು.

ಇದಕ್ಕೆ ಮೊದಲು ದಾಖಲೆ ಬೇಕು. ದೂರಿಗಿಂತ ಮುಂಚೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಎ4 ಪ್ರತಿಗೆ ಪುಟಕ್ಕೆ 2 ರೂಪಾಯಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದೊಳಗೆ. "ರಸ್ತೆ ಯಾಕೆ ಕಿತ್ತುಹೋಯಿತು?" ಅಂತ ಕೇಳಬೇಡಿ, ಯಾಕೆ ಅನ್ನೋದಕ್ಕೆ ಅವರು ಉತ್ತರ ಕೊಡಬೇಕಿಲ್ಲ. ಕಾಗದ ಕೇಳಿ. ನಾನು ಟೈಪ್ ಮಾಡುವುದು ಹೀಗೆ: "ಇಂಥ ಬೀದಿಯ ಸಿಸಿ ರಸ್ತೆ ಕಾಮಗಾರಿಗೆ ಒಪ್ಪಿಗೆ ಕೊಟ್ಟ ಸಭೆಯ ನಡಾವಳಿ, ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಬಿಲ್ ಮತ್ತು ಹಣ ಪಾವತಿಯ ವೋಚರ್, ಇವುಗಳ ದೃಢೀಕೃತ ಪ್ರತಿ." 30 ದಿನದಲ್ಲಿ ಕೊಡದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ.

ಇಷ್ಟರಲ್ಲಿ ಅಳತೆ ಪುಸ್ತಕವೇ, ಅದೇ ಎಂಬಿ, ಮುಖ್ಯ. ಉದ್ದ, ಅಗಲ, ದಪ್ಪ ಮೂರೂ ಅದರಲ್ಲಿ ಇರುತ್ತದೆ. ಒಬ್ಬರು ಅಣ್ಣ ಅದರ ಪ್ರತಿ ಹಿಡಿದು ಟೇಪ್ ಸಮೇತ ಬೀದಿಗೆ ಇಳಿದರು. ಉದ್ದ, ಅಗಲ ಸರಿಯಾಗೇ ಇತ್ತು. ನಲ್ಲಿ ಪೈಪಿಗೆ ಅಂತ ರಸ್ತೆ ಕತ್ತರಿಸಿದ್ದ ಕಡೆ ಸ್ಕೇಲ್ ಇಳಿಬಿಟ್ಟರೆ ಎಂಬಿಯಲ್ಲಿ ಆರು ಇಂಚು, ಅಲ್ಲಿ ಮೂರೂವರೆ. ಸ್ಕೇಲ್ ಕಾಣುವಂತೆ, ತಾರೀಖು ಮತ್ತು ಜಾಗ ಬೀಳುವಂತೆ ಫೋಟೊ ತೆಗೆದರು. ದೂರು ಒಂದೂವರೆ ಪುಟವೂ ಆಗಲಿಲ್ಲ. ಅದರಲ್ಲಿ ಬೈಗುಳ ಹಾಕೋಕೆ ಜಾಗವೇ ಇರಲಿಲ್ಲ ಬಿಡಿ.

ಇನ್ನು ಬಾವಮೈದನ ಗುತ್ತಿಗೆ. ಮಂಡ್ಯ ಕಡೆ ಜಾಸ್ತಿ ಕೇಳಿಬರುವ ದೂರು ಇದೇ. 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಸದಸ್ಯ ತಾನಾಗಲಿ, ಪಾಲುದಾರನ ಮೂಲಕವಾಗಲಿ ಪಂಚಾಯಿತಿ ಕೆಲಸದಲ್ಲಿ ಪಾಲು ಇಟ್ಟುಕೊಂಡರೆ ಅನರ್ಹ. ಆದರೆ ಗುತ್ತಿಗೆದಾರ ನೆಂಟ ಅನ್ನೋದೊಂದೇ ಸಾಲುವುದಿಲ್ಲ. ನೆಂಟಸ್ತನ ಊರಿಗೆಲ್ಲ ಗೊತ್ತು, ಕಡತಕ್ಕೆ ಗೊತ್ತಿಲ್ಲ. ಲಾಭ ಸದಸ್ಯನಿಗೆ ಮುಟ್ಟಿತು ಅಂತ ತೋರಿಸಬೇಕು. ಸಾಮಾನು ತಂದ ಟ್ರ್ಯಾಕ್ಟರ್ ಯಾರ ಹೆಸರಲ್ಲಿದೆ? ಸಿಮೆಂಟ್ ಬಿಲ್ ಯಾರ ಹೆಸರಿಗಾಗಿದೆ? ಆ ಗುತ್ತಿಗೆ ಸಭೆಗೆ ಬಂದಾಗ ಸದಸ್ಯ ಅಲ್ಲೇ ಕೂತು ಕೈ ಎತ್ತಿದರಾ? ತನಗೆ ಹಣದ ಸಂಬಂಧ ಇರುವ ವಿಷಯದ ಚರ್ಚೆಯಲ್ಲಿ ಸದಸ್ಯ ಭಾಗವಹಿಸುವಂತಿಲ್ಲ, ಹಾಗಾಗಿ ಹಾಜರಾತಿ ಸಮೇತ ನಡಾವಳಿ ಬೇಕೇ ಬೇಕು. ಬೆಳಗಾವಿಯಲ್ಲಿ 2025ರಲ್ಲಿ ಇಬ್ಬರು ಪಾಲಿಕೆ ಸದಸ್ಯರನ್ನು ಪ್ರಾದೇಶಿಕ ಆಯುಕ್ತರು ಅನರ್ಹಗೊಳಿಸಿದ್ದು ಹೆಂಡತಿಯರ ಹೆಸರಲ್ಲಿ ತಿನಿಸು ಕಟ್ಟೆಯ ಮಳಿಗೆ ಪಡೆದ ವಿಷಯಕ್ಕೆ. ಅದು ಆಮೇಲೆ ಹೈಕೋರ್ಟಿಗೂ ಹೋಯಿತು. ಅಲ್ಲಿ ಹಂಚಿಕೆ ಪತ್ರ ಇತ್ತು, ಹೆಸರು ಇತ್ತು. ನಿಮ್ಮ ಕೈಯಲ್ಲೂ ಅಂಥದ್ದೊಂದು ಇರಲಿ.

ಯಾರಿಗೆ ಬರೆಯಬೇಕು? ಪಿಡಿಒ ಮೇಲಿನ ದೂರನ್ನು ಪಿಡಿಒಗೇ ಕೊಟ್ಟು ಬಂದವರನ್ನ ನೋಡಿದ್ದೇನೆ. ಪಂಚಾಯಿತಿ ಹಣ ಅಧ್ಯಕ್ಷರು, ಪಿಡಿಒ ಇಬ್ಬರೂ ಒಪ್ಪದೆ ಹೊರಗೆ ಹೋಗುವುದಿಲ್ಲ. ಹಾಗಾಗಿ ಬಿಲ್ಲಿನ ವಿಷಯವಾದರೆ ಇಬ್ಬರ ಹೆಸರನ್ನೂ ಹಾಕಿ, ಜಿಲ್ಲಾ ಪಂಚಾಯಿತಿ ಸಿಇಒಗೆ (ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ) ಬರೆದು, ತಾಲ್ಲೂಕು ಪಂಚಾಯಿತಿ ಇಒಗೆ (ಕಾರ್ಯನಿರ್ವಾಹಕ ಅಧಿಕಾರಿ) ಪ್ರತಿ ಕೊಡಿ. ದುರ್ನಡತೆಗಾಗಿ ಸದಸ್ಯರನ್ನು ತೆಗೆಯುವ ಅಧಿಕಾರ ಸರ್ಕಾರದ್ದು, ಆದ್ದರಿಂದ ಗ್ರಾಮೀಣಾಭಿವೃದ್ಧಿ ಇಲಾಖೆಗೂ ಒಂದು ಪ್ರತಿ ಹೋಗಲಿ. ನಗರಸಭೆಯಾದರೆ 1964ರ ಪೌರಸಭೆಗಳ ಕಾಯ್ದೆ ಬರುತ್ತದೆ, ಜಿಲ್ಲಾಧಿಕಾರಿಗೆ ಬರೆಯಿರಿ. ಕಾನೂನಿಗೆ ವಿರುದ್ಧವಾದ ನಿರ್ಣಯವನ್ನು ತಡೆಹಿಡಿಯುವ ಅಧಿಕಾರ ಅವರಿಗಿದೆ. ಮೈಸೂರು ಪಾಲಿಕೆ ಸದಸ್ಯರ ಅನರ್ಹತೆಯ ವಿಷಯವಾದರೆ ಮೈಸೂರಿನಲ್ಲೇ ಪ್ರಾದೇಶಿಕ ಆಯುಕ್ತರ ಕಚೇರಿ ಇದೆ.

ಲೋಕಾಯುಕ್ತಕ್ಕೆ ಹೋಗುವವರು ಬಿಳಿ ಹಾಳೆಯಲ್ಲಿ ಬರೆದು ಕಳಿಸಿದರೆ ಆಗುವುದಿಲ್ಲ. ನಮೂನೆ 1ರಲ್ಲಿ ದೂರು, ನಮೂನೆ 2ರಲ್ಲಿ ಪ್ರಮಾಣಪತ್ರ, ಅದಕ್ಕೆ ನೋಟರಿ. ಚುನಾಯಿತ ಸದಸ್ಯರ ಮೇಲೂ ಅಲ್ಲಿ ದೂರು ಕೊಡಬಹುದು. ಆರೋಪ 5 ವರ್ಷಕ್ಕಿಂತ ಹಳೆಯದಾದರೆ ತಗೊಳ್ಳುವುದಿಲ್ಲ. ಸುಳ್ಳು ದೂರಿಗೆ ಶಿಕ್ಷೆಯೂ ಇದೆ, ಆದ್ದರಿಂದ ಕೇಳಿದ್ದನ್ನ "ಕೇಳಿದೆ" ಅಂತ, ಕಂಡಿದ್ದನ್ನ "ಕಂಡೆ" ಅಂತ ಬರೆಸಿ.

ಖಾತೆಗೆ, ಬಿಲ್ಲಿಗೆ ಲಂಚ ಕೇಳಿದ್ದಾರಾ? ಹಾಗಿದ್ದರೆ ನನ್ನ ಅಂಗಡಿಗೆ ಬರಬೇಡಿ, ದುಡ್ಡು ಕೊಡುವ ಮುಂಚೆ ಸೀದಾ ಲೋಕಾಯುಕ್ತ ಪೊಲೀಸರ ಹತ್ತಿರ ಹೋಗಿ. ಎಸಿಬಿ, ಅಂದರೆ ಭ್ರಷ್ಟಾಚಾರ ನಿಗ್ರಹ ದಳ ಹುಡುಕಿಕೊಂಡು ಈಗಲೂ ಕೆಲವರು ಬರುತ್ತಾರೆ, ಅದನ್ನು ಹೈಕೋರ್ಟ್ 2022ರಲ್ಲೇ ರದ್ದು ಮಾಡಿದೆ. ಬಲವಂತಕ್ಕೆ ಕೊಟ್ಟುಬಿಟ್ಟಿದ್ದರೆ 7 ದಿನದೊಳಗೆ ತಿಳಿಸಬೇಕು. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆದಮೇಲೆ ಕೊಟ್ಟವರೂ ಸಿಕ್ಕಿಬೀಳುತ್ತಾರೆ.

ಗ್ರಾಮಸಭೆಯನ್ನ ಮಾತ್ರ ಹಗುರವಾಗಿ ನೋಡಬೇಡಿ. ಅಲ್ಲಿ ಕೇಳಿದ ಪ್ರಶ್ನೆ ನಡಾವಳಿಗೆ ಏರಿದರೆ ಮುಂದೆ ಅದೇ ಸಾಕ್ಷಿ. ಬಾಗಿಲಲ್ಲೇ ಸಹಿ ಮಾಡಿಸಿಕೊಂಡು, ಟೀ ಕೊಟ್ಟು, ನಡಾವಳಿ ಆಮೇಲೆ ಬರೆಯುವುದೂ ಉಂಟು. ಹೆಬ್ಬೆಟ್ಟೋ ಸಹಿಯೋ ಒತ್ತುವ ಮುಂಚೆ ಮೇಲಿನ ಪುಟ ಓದಿಸಿಕೊಳ್ಳಿ. ಖಾಲಿ ಇದ್ದರೆ ಸಹಿಯ ಪಕ್ಕದಲ್ಲಿ ತಾರೀಖಿನ ಜೊತೆ "ಹಾಜರಿಗೆ ಮಾತ್ರ" ಅಂತ ಬರೆಯಿರಿ. ಗುಮಾಸ್ತರು ಗೊಣಗುತ್ತಾರೆ, ಗೊಣಗಲಿ.

ದೂರು ಕೊಟ್ಟಾಗ ನಿಮ್ಮ ಪ್ರತಿಯ ಮೇಲೆ ಕಚೇರಿ ಸೀಲು, ತಾರೀಖು ಹಾಕಿಸಿಕೊಳ್ಳದೆ ಕದಲಬೇಡಿ. ಹೆಸರಿಲ್ಲದ ಅರ್ಜಿ ಸುಮ್ನೆ ದಂಡ. ಒಬ್ಬರೇ ಸಹಿ ಹಾಕೋಕೆ ಹೆದರಿಕೆಯಾದರೆ ಬೀದಿಯ ನಾಲ್ಕು ಮನೆಯವರನ್ನು ಸೇರಿಸಿಕೊಳ್ಳಿ. ಆಮೇಲೆ ರಾಜಿಗೆ ಬರುತ್ತಾರೆ, ಕೆಲವೊಮ್ಮೆ ನಿಮ್ಮ ಸೋದರಮಾವನನ್ನೇ ಮುಂದೆ ಬಿಟ್ಟು. "ಕಾಗದ ಕೊಟ್ಟಾಗಿದೆ ಮಾವ, ಈಗ ಅದು ಆಫೀಸಿನ ಕೈಲಿದೆ" ಅಂದುಬಿಡಿ. ತಿಂಗಳೆರಡು ತಿಂಗಳು ಕಳೆದರೂ ಸುದ್ದಿ ಇಲ್ಲದಿದ್ದರೆ ಇನ್ನೊಂದು 10 ರೂಪಾಯಿ ಖರ್ಚು ಮಾಡಿ, ನಿಮ್ಮ ದೂರಿನ ಕಡತದ ಟಿಪ್ಪಣಿ ಹಾಳೆ ಕೇಳಿ. ಅದು ಯಾವ ತಾರೀಖಿನಿಂದ ಯಾರ ಟೇಬಲ್ ಮೇಲೆ ಕೂತಿದೆ ಅಂತ ಅದರಲ್ಲೇ ಇರುತ್ತದೆ. ಮುಂದಿನ ಅರ್ಜಿಯನ್ನ ಅವರ ಮೇಲಿನವರಿಗೆ ಬರೆಯಿರಿ.