ಟ್ರ್ಯಾಕ್ ಡೇಗೆ ಮುಂಚೆ ಘಾಟಿಯಲ್ಲೇ ಸಿಕ್ಕ ತಪ್ಪು

ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನನ್ನ ಮೊದಲ ಟ್ರ್ಯಾಕ್ ಡೇ, ಅಂದರೆ ನಮ್ಮ ಗಾಡಿಯನ್ನೇ ರೇಸ್ ಟ್ರ್ಯಾಕಿನಲ್ಲಿ ಓಡಿಸೋ ದಿನ. ಗಾಡಿ ದಿನಾ ಆಫೀಸಿಗೆ ಓಡಿಸೋ 1 ಲೀಟರ್ ಟರ್ಬೊ ಪೆಟ್ರೋಲ್ ಕಾರು. ನನ್ನ ತಲೆ ತುಂಬ ಟರ್ಬೊ ಬಿಸಿಯದೇ ಚಿಂತೆ, ದೊಡ್ಡ ಇಂಟರ್‌ಕೂಲರ್‌ಗೆ (ಟರ್ಬೊದಿಂದ ಬರೋ ಬಿಸಿ ಗಾಳಿ ತಣಿಸೋ ಭಾಗ) ದುಡ್ಡೂ ಎತ್ತಿಟ್ಟಿದ್ದೆ.

ಎರಡು ವಾರ ಮುಂಚೆ ಮೈಸೂರಿಂದ ಹೊರಟು ದಿಂಬಂ ಘಾಟಿ ಇಳಿದೆ. 27 ಹೇರ್‌ಪಿನ್ ತಿರುವು; ಸ್ವಲ್ಪ ಜೋರಾಗೇ ಇಳಿದೆ ಅನ್ನಿ. ಕೆಳಗೆ ಬರುವಷ್ಟರಲ್ಲಿ ಬ್ರೇಕ್ ಪೆಡಲ್ ಸ್ಪಂಜಿನ ಹಾಗೆ ಒಳಗೆ ಇಳಿಯತೊಡಗಿತು. ಎರಡು ಸಲ ಪಂಪ್ ಮಾಡಿದ ಮೇಲೇ ಹಿಡಿದದ್ದು.

ಬ್ರೇಕ್ ಪ್ಯಾಡ್ ಸವೆದಿದೆ ಅಂದುಕೊಂಡೆ. ಗ್ಯಾರೇಜಿನವರು ನೋಡಿ, “ಪ್ಯಾಡ್ ಚೆನ್ನಾಗಿದೆ ಸಾರ್, ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದ್ರಿ?” ಅಂದರು. ನಾಲ್ಕು ವರ್ಷ! ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಹೊಸ ಡಾಟ್ 4 (ಬ್ರೇಕ್ ಆಯಿಲಿನ ಒಂದು ದರ್ಜೆ) ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ಗಾಳಿಯ ತೇವ ಹೀರಿಕೊಂಡರೆ ಆ ಮಿತಿ 155ಕ್ಕೆ ಇಳಿಯುತ್ತೆ. ಕುದ್ದರೆ ಲೈನಿನಲ್ಲಿ ಆವಿ, ಆವಿಯನ್ನು ಒತ್ತಿದರೆ ಅದು ಕುಗ್ಗುತ್ತೆ ಅಷ್ಟೆ, ಒತ್ತಡ ಬ್ರೇಕಿಗೆ ತಲುಪಲ್ಲ.

ಇನ್ನೂ ಹೆಚ್ಚು ಬಿಸಿ ತಡೆಯೋ ಡಾಟ್ 5.1 ತುಂಬಿಸಿದೆವು (ಡಾಟ್ 5 ಅಲ್ಲ, ಅದು ಸಿಲಿಕೋನ್, ಬೇರೆಯೇ ಜಾತಿ). ನಾನು ಪೆಡಲ್ ಒತ್ತಿ ಹಿಡಿಯೋದು, ಗ್ಯಾರೇಜಿನವರು ಚಕ್ರದ ಬಳಿ ಹಳೆ ಆಯಿಲ್ ಹೊರಬಿಡೋ ನಿಪ್ಪಲ್ ಸಡಿಲಿಸೋದು. ಪಾರದರ್ಶಕ ಟ್ಯೂಬಿನಲ್ಲಿ ಗುಳ್ಳೆ ನಿಂತು ತಿಳಿ ಬಣ್ಣ ಬರೋವರೆಗೂ ನಾಲ್ಕೂ ಚಕ್ರಕ್ಕೆ ಹೀಗೇ.

ಟ್ರ್ಯಾಕಿನಲ್ಲಿ ಪ್ರತಿ ಸರದಿಯ ಕೊನೆ ಸುತ್ತು, ಬ್ರೇಕ್ ತಣಿಯಲಿ ಅಂತ, ಅದನ್ನು ಮುಟ್ಟದಷ್ಟು ನಿಧಾನ. ನಿಲ್ಲಿಸಿದಾಗ, ಕಾದ ಬ್ರೇಕ್ ಒತ್ತಿಕೊಂಡೇ ಇರದಿರಲಿ ಅಂತ, ಹ್ಯಾಂಡ್‌ಬ್ರೇಕ್ ಎಳೆಯದೆ ಚಕ್ರಕ್ಕೆ ಕಲ್ಲು ಕೊಟ್ಟೆ, ಟರ್ಬೊ ತಣಿಯಲಿ ಅಂತ ಎರಡು ನಿಮಿಷ ಎಂಜಿನ್ ಐಡಲ್. ಸಂಜೆವರೆಗೂ ಪೆಡಲ್ ಗಟ್ಟಿ. ಇಂಟರ್‌ಕೂಲರ್ ದುಡ್ಡು ಮುಂಭಾಗದ ಎರಡು ಟೈರಿಗೆ ಹೋಯಿತು.