ರಾಜಾ ಹಡಗಿನ ಹೊದಿಕೆ ಹೊಲಿಯುತ್ತಾ

ಅಡುಗೆಮನೆಯ ತಕ್ಕಡಿಯಲ್ಲಿ 900 ಗ್ರಾಂ ಹತ್ತಿ ಬಟ್ಟೆಯ ಚೂರು ತೂಗಿ ಇಟ್ಟುಕೊಂಡು ಒಂದು ಹಳೇ ಹೊದಿಕೆಯನ್ನು ನೋಡಿ ಹೊಲಿಯುವ ಈ ಕೆಲಸ ಶುರು ಮಾಡಿದೆ. ಎರಡು ಪೌಂಡ್ ಅಂದರೆ ಹೆಚ್ಚುಕಡಿಮೆ ಅಷ್ಟೇ. 1841ರಲ್ಲಿ ಗಡೀಪಾರಾಗಿ ರಾಜಾ ಅನ್ನುವ ಹಡಗು ಹತ್ತಿದ ಕೈದಿ ಹೆಂಗಸರಿಗೆ ತಲಾ ಎರಡು ಪೌಂಡ್ ಚೂರು ಬಟ್ಟೆ ಕೊಟ್ಟಿದ್ದರು. ಜೊತೆಗೆ 100 ಸೂಜಿ, ಬಣ್ಣದ ದಾರ, ಕತ್ತರಿ, ಅಂಗುಸ್ತಾನ. ಕೊಟ್ಟಿದ್ದು ಜೈಲು ಸುಧಾರಣೆಗೆ ದುಡಿದ ಎಲಿಜಬೆತ್ ಫ್ರೈ ಕಟ್ಟಿದ ಮಹಿಳಾ ಸಂಘ.

ಆ ಹಡಗಿನಲ್ಲಿ 180 ಕೈದಿ ಹೆಂಗಸರಿದ್ದರು. ಏಪ್ರಿಲ್ 5ಕ್ಕೆ ಇಂಗ್ಲೆಂಡಿನ ವುಲಿಚ್ ಬಿಟ್ಟು ಜುಲೈ 19ಕ್ಕೆ ಈಗಿನ ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಹೋಬಾರ್ಟ್ ಮುಟ್ಟಿದರು. ದಾರಿಯಲ್ಲಿ ಹೊಲಿದ ಹೊದಿಕೆ ಈಗ ಕ್ಯಾನ್‌ಬೆರಾದ ನ್ಯಾಷನಲ್ ಗ್ಯಾಲರಿಯಲ್ಲಿದೆ. ಉದ್ದ ಅಗಲ ಎರಡೂ ಮೂರು ಮೀಟರಿಗಿಂತ ಜಾಸ್ತಿ. ಒಟ್ಟು 2,815 ಚೂರು. ತೀರಾ ನಾಜೂಕಾಗಿರುವುದರಿಂದ ಅಪರೂಪಕ್ಕೆ ಹೊರಗೆ ತೆಗೆಯುತ್ತಾರೆ. ನಾನು ಫೋಟೋ ದೊಡ್ಡದು ಮಾಡಿ ನೋಡಿಕೊಂಡೇ ಹೊಲಿದೆ. ಪೂರ್ತಿ ಅಲ್ಲ. ನಡುವಿನ ಬಿಳಿ ಚೌಕ, ಅದರ ಸುತ್ತ ಮೂರು ಪಟ್ಟಿ. ಮೂಲದಲ್ಲಿ ಪಟ್ಟಿಗಳು 12.

ನಾನು ಧಾರವಾಡದ ಕಡೆಯವಳು, ಅಜ್ಜಿಯ ಹತ್ತಿರ ಕೌದಿ ಕಲಿತವಳು. ಹಳೇ ಸೀರೆ ಪದರ ಪದರವಾಗಿ ಹಾಸಿ ಸಾಲು ಹೊಲಿಗೆ ಹಾಕುವುದು ಕೈಗೆ ರೂಢಿ. ಇಲ್ಲೂ ಕೆಳಗೊಂದು ಸೀರೆ ಹಾಸಿಯೇ ಕೂತೆ. ಎರಡು ವಾರ ಆದ ಮೇಲೆ ಗೊತ್ತಾಯಿತು, ರಾಜಾ ಹೊದಿಕೆಗೆ ಅಸ್ತರೇ ಇಲ್ಲ. ಎಲ್ಲಾ ಬಿಚ್ಚಿದೆ. ಕೌದಿಯಲ್ಲಿ ಚೂರನ್ನು ಕೆಳಗಿನ ಪದರ ಹಿಡಿದುಕೊಳ್ಳುತ್ತದೆ. ಈ ಪಟ್ಟಿಗಳಲ್ಲಿ ಚೂರಿಗೆ ಪಕ್ಕದ ಚೂರೇ ಆಸರೆ.

ಕಷ್ಟ ಅಂದರೆ ಹಕ್ಕಿಗಳು. ಚೀಟಿ ಬಟ್ಟೆಯಲ್ಲಿ ಅಚ್ಚಾದ ಹಕ್ಕಿ, ಹೂವನ್ನು ಕತ್ತರಿಸಿ ಬಿಳಿ ಬಟ್ಟೆಯ ಮೇಲೆ ಕೂರಿಸಬೇಕು. ಕೊಕ್ಕಿನ ತುದಿಯಲ್ಲಿ ಮಡಚಲು ಬಟ್ಟೆಯೇ ಉಳಿದಿರುವುದಿಲ್ಲ. ಸೂಜಿಯ ಮೊನೆಯಿಂದ ಎಳೆಗಳನ್ನು ಒಳಕ್ಕೆ ತಳ್ಳಿ, ಹೆಬ್ಬೆರಳಲ್ಲಿ ಒತ್ತಿ ಹಿಡಿದು ಹೊಲಿಯಬೇಕು. ಒಂದು ಕೊಕ್ಕಿಗೆ ಒಂದು ಸಂಜೆ ಹೋಯಿತು. ಬೆರಳಿಗೆ ಚುಚ್ಚಿ ಬಿಳಿ ಬಟ್ಟೆಯ ಮೇಲೆ ರಕ್ತ ಬಿತ್ತು. ಕೂಡಲೇ ತಣ್ಣೀರು, ಸೋಪು ಹಾಕಿ ತೊಳೆದೆ. ಮೂಲ ಹೊದಿಕೆಯಲ್ಲೂ ಅಲ್ಲಲ್ಲಿ ರಕ್ತದ ಸಣ್ಣ ಕಲೆಗಳಿವೆ. ಹಡಗಿನಲ್ಲಿ ಸಿಹಿನೀರು ಕುಡಿಯಲಿಕ್ಕೇ ಅಳತೆಯ ಮೇಲೆ, ಅಲ್ವಾ? ಆ ಕಲೆಗಳ ಫೋಟೋವನ್ನು ಎಷ್ಟೋ ಸಲ ತೆರೆದು ನೋಡಿದ್ದೇನೆ.

ಹೊದಿಕೆಯ ಒಂದು ಅಂಚಿನಲ್ಲಿ ಬರಹವಿದೆ, ತಾರೀಖು ಜೂನ್ 1841. ಅಂದರೆ ಹಡಗು ಬಿಟ್ಟ ಮೂರು ತಿಂಗಳೊಳಗೆ ಮುಗಿಸಿದ್ದಾರೆ. ದಿನಕ್ಕೆ 30ಕ್ಕೂ ಜಾಸ್ತಿ ಚೂರು! ನನ್ನ ಕೈಯಲ್ಲಿ ಒಂದು ಸಂಜೆಗೆ ಏಳು ಆದರೆ ಹೆಚ್ಚು.

ಆ ಬರಹದಲ್ಲಿ ಸಂಘದ ಹೆಂಗಸರಿಗೆ ಕೃತಜ್ಞತೆ ಹೇಳಿದ್ದಾರೆ. ದುಡಿಮೆಯ ಬಗ್ಗೆ ನೀವು ಹೇಳಿದ ಬುದ್ಧಿಮಾತು ಮರೆತಿಲ್ಲ ಅಂತಲೂ ಇದೆ. ಹೊಲಿದವರಲ್ಲಿ ಒಬ್ಬಳ ಹೆಸರೂ ಇಲ್ಲ, 'ರಾಜಾ ಹಡಗಿನ ಕೈದಿಗಳು' ಅಂತ ಅಷ್ಟೇ. ನನಗೆ ಇದು ಓದಿದಾಗಲೆಲ್ಲಾ ಸಂಕಟ. ಸಂಘದವರ ಉಪಕಾರ ದೊಡ್ಡದೇ, ಆದರೆ ಈ ಮಾತು ಕೇಳುವವರಿಗೆ ಹಿತವಾಗಲಿ ಅಂತ ಬರೆದ ಹಾಗಿದೆ.

ಹೆಸರುಗಳು ಸಿಗುವುದು ಟಾಸ್ಮೇನಿಯಾದ ಸರ್ಕಾರಿ ದಾಖಲೆಗಳಲ್ಲಿ. ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ನೋಡಬಹುದು. ಎತ್ತರ, ಕಣ್ಣಿನ ಬಣ್ಣ, ಅಪರಾಧ, ಎಲ್ಲಿ ವಿಚಾರಣೆ, ಬಂದ ಮೇಲೆ ಆದ ಶಿಕ್ಷೆ, ಎಲ್ಲಾ ಬರೆದಿಟ್ಟಿದ್ದಾರೆ. ಆ ಕಾಲದಲ್ಲಿ ಹೀಗೆ ಬಂದ ಬಹಳಷ್ಟು ಹೆಂಗಸರದು ಕಳ್ಳತನದ ಕೇಸು, ಶಿಕ್ಷೆ ಸಾಮಾನ್ಯವಾಗಿ 7 ವರ್ಷ. ಹೋಬಾರ್ಟ್‌ನಲ್ಲಿ ಮನೆಗೆಲಸಕ್ಕೆ ಕಳಿಸುತ್ತಿದ್ದರು. ತಪ್ಪು ಮಾಡಿದರೆ ಕ್ಯಾಸ್ಕೇಡ್ಸ್ ಫೀಮೇಲ್ ಫ್ಯಾಕ್ಟರಿ ಅನ್ನುವ ಜೈಲು. ಅಲ್ಲಿ ಹೊಲಿಗೆ, ಬಟ್ಟೆ ಒಗೆಯುವ ಕೆಲಸ.

ಮೂಲ ಹೊದಿಕೆಯಲ್ಲಿ ಒಂದು ಕಡೆ ಹೊಲಿಗೆ ಅಚ್ಚುಕಟ್ಟು, ಇನ್ನೊಂದು ಕಡೆ ಸೊಟ್ಟ. ಕೈ ಬದಲಾಗಿದ್ದು ಎದ್ದು ಕಾಣುತ್ತದೆ. ನನ್ನದು ಎಲ್ಲಾ ಒಂದೇ ಥರ ಬರುತ್ತಿತ್ತು. ಅದಕ್ಕೇ ಮೂರನೇ ಪಟ್ಟಿಯನ್ನು ಅಕ್ಕನಿಗೆ, ಮಗಳಿಗೆ, ಪಕ್ಕದ ಮನೆಯಾಕೆಗೆ ಹಂಚಿದೆ. ಮಗಳ ಹೊಲಿಗೆ ಉದ್ದುದ್ದ, ಎರಡು ಕಡೆ ಬಟ್ಟೆ ನೆರಿಗೆ ಬಿದ್ದಿದೆ. ನಾನು ಬಿಚ್ಚಿಸಿಲ್ಲ.